ರಾಜ್ಯ ಮಟ್ಟದ ಅಥ್ಲೆಟಿಕ್ಸ್ ಕೂಟ ನೋಡೋಕೆ ಸಂಜೆ 100 ಮೀಟರ್ ಫೈನಲ್‌ಗೆ ಮಾತ್ರ ಹೋದರೆ ಸಾಕಾ? ಫಿನಿಶ್ ಲೈನ್ ಹತ್ತಿರ ಸೀಟು ಸಿಗುತ್ತಾ?

ಸಾಲದು. ಆ ಸೀಟಿನ ಆಸೆಯನ್ನೂ ಬಿಡಿ. ಹನ್ನೊಂದು ವರ್ಷದ ಮಗನನ್ನು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಬರೆದಿದ್ದೀರಿ. ನಾನೂ ನಿಮ್ಮ ಹಾಗೇ 100 ಮೀಟರ್ ಒಂದೇ ನೋಡುವಂಥದ್ದು ಅಂದುಕೊಂಡಿದ್ದೆ. ಅದರಿಂದ ನನ್ನ ಅಕ್ಕನ ಮಗಳ ಒಂದು ಜಂಪ್ ಕೈತಪ್ಪಿತು.

ಅವಳು ಹೈಜಂಪ್ ಹುಡುಗಿ. ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲಿ ಕೂಟ. ಹಾರಿ ದಾಟಬೇಕಾದ ಅಡ್ಡಕೋಲು, ಅಂದರೆ ಬಾರ್, 1.20 ಮೀಟರ್‌ನಿಂದ ಶುರುವಾಯಿತು. ಹದಿನೈದು ಹುಡುಗಿಯರಿದ್ದರು. ಉಳಿದವರು ಒಬ್ಬೊಬ್ಬರಾಗಿ ಓಡಿ ಬಂದು ಹಾರುತ್ತಿದ್ದರೆ ಇವಳು ಟ್ರ್ಯಾಕ್ ಸೂಟ್ ಕೂಡ ಬಿಚ್ಚದೆ ಕೂತಿದ್ದಳು. 1.25ಕ್ಕೂ ಏಳಲಿಲ್ಲ. ಒಂದೊಂದು ಎತ್ತರ ಮುಗಿಯೋಕೆ ಅರ್ಧ ಗಂಟೆ ಹತ್ತಿರ ಹಿಡಿಯುತ್ತಿತ್ತು. ಇವಳದ್ದು ಶುರುವಾಗೋಕೆ ಇನ್ನೂ ಬೇಕಾದಷ್ಟು ಹೊತ್ತಿದೆ ಅಂದುಕೊಂಡೆ. ಮೈಕ್‌ನಲ್ಲಿ ಗಂಡಸರ 100 ಮೀಟರ್‌ಗೆ ಫೈನಲ್ ಕಾಲ್ ಕೊಟ್ಟ ಕೂಡಲೇ ಎದ್ದು ಫಿನಿಶ್ ಲೈನ್ ಕಡೆ ಹೋದೆ.

ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಬಿಡಿಸಿ ಹೇಳುತ್ತೇನೆ. ಹೈಜಂಪ್‌ನಲ್ಲಿ ಎಲ್ಲ ಎತ್ತರವನ್ನೂ ಹಾರಲೇಬೇಕು ಅಂತಿಲ್ಲ. ಸುಲಭದ ಎತ್ತರಕ್ಕೆ ಪಾಸ್ ಹೇಳಿ ಕಾಲಿನ ಶಕ್ತಿ ಉಳಿಸಿಕೊಳ್ಳಬಹುದು. ಸುಮ್ನೆ ಕೂತಂತೆ ಕಾಣುವ ಹುಡುಗಿಯೇ ಎಷ್ಟೋ ಸಲ ಎಲ್ಲರಿಗಿಂತ ಜೋರು. ಇನ್ನು ಹೊತ್ತಿನ ವಿಷಯ. ಸತತ ಮೂರು ಸಲ ತಪ್ಪಿದವರು ಹೊರಗೆ. ಹಾಗಾಗಿ ಹದಿನೈದು ಜನರಿದ್ದಾಗ ಎಳೆಯುವ ಸುತ್ತು, ಐದು ಜನ ಉಳಿದಾಗ ಹತ್ತು ನಿಮಿಷದಲ್ಲೇ ಮುಗಿದುಹೋಗುತ್ತದೆ. ಆಗಲೂ ಒಬ್ಬರ ಸರದಿಗೆ ಸಿಗುವುದು ಒಂದೇ ನಿಮಿಷ. ಮೊದಲ ಎರಡು ಎತ್ತರಕ್ಕೆ ಹಿಡಿದ ಹೊತ್ತು ನೋಡಿ ಮುಂದಿನದನ್ನು ಅಳೆಯಲೇಬಾರದು. ನಾನು ಅಳೆದೆ. ಬಾರ್ ಮೇಲೆ ಹೋದ ಹಾಗೆಲ್ಲ ಆಟ ಓಡುತ್ತದೆ ಅನ್ನೋದು ಹೊಳೆಯಲೇ ಇಲ್ಲ.

ಗಂಡಸರ 100 ಹನ್ನೊಂದು ಚಿಲ್ಲರೆ ಸೆಕೆಂಡಿಗೆ ಮುಗಿಯಿತು. ಹಿಂದೆಯೇ ಹೆಂಗಸರದ್ದಿದೆ ಅಂತ ನಿಂತೆ. ಅಷ್ಟರಲ್ಲಿ ಪರಿಚಯದವರು ಸಿಕ್ಕಿ ಮಾತಿಗೆ ಇಳಿದರು. ವಾಪಸ್ ಬಂದಾಗ ಬಾರ್ 1.43ಕ್ಕೆ ಏರಿ, ಅವಳು ಅಲ್ಲಿ ಮೂರೂ ಸಲ ತಪ್ಪಿ, ಸ್ಪೈಕ್ಸ್ ಶೂ ಬಿಚ್ಚುತ್ತಿದ್ದಳು. 1.40ರಲ್ಲಿ ಎರಡು ಸಲ ಬಾರ್ ಬೀಳಿಸಿ ಮೂರನೇ ಸಲ ದಾಟಿದ್ದಳಂತೆ. ಅದುವರೆಗಿನ ಅವಳ ಅತಿ ಎತ್ತರದ ಜಂಪ್. "ಚಿಕ್ಕಮ್ಮ, ಮೂರನೇದು ನೋಡಿದ್ರಾ?" ಅಂತ ಕೇಳಿದಳು. ಇಲ್ಲ ಅಂದೆ. ಅವಳ ಮುಖ ಸಣ್ಣದಾಯಿತು. ಈಗ ನೆನೆಸಿಕೊಂಡರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದ್ದರಿಂದ ಬೆಳಿಗ್ಗೆಯೇ ಹೋಗಿ. ಜಂಪ್ ಮ್ಯಾಟ್ ಯಾವ ಕಡೆ ಹಾಕಿದ್ದಾರೆ ನೋಡಿ, ಅದಕ್ಕೆ ಹತ್ತಿರದ ಗ್ಯಾಲರಿಯಲ್ಲಿ ಕೂರಿ. 100 ಮೀಟರ್ ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ. ಹೈಜಂಪ್ ಹಾಗಲ್ಲ. ಟಿವಿಯವರು ಅಲ್ಲೊಂದು ಇಲ್ಲೊಂದು ತುಂಡು ತೋರಿಸಿ ಬಿಡುತ್ತಾರೆ. ಮೊದಲಿಂದ ಕೊನೆವರೆಗೆ ನೋಡಬೇಕಾದರೆ ಮೈದಾನಕ್ಕೇ ಹೋಗಬೇಕು. ಮಗನಿಗೆ ಒಂದು ಚೆಸ್ಟ್ ನಂಬರ್ ಆರಿಸಿಕೊಳ್ಳಲು ಹೇಳಿ. ಕೈಗೆ ಪೆನ್ನು, ಹಾಳೆ ಕೊಡಿ. ದಾಟಿದರೆ ಸೊನ್ನೆ, ತಪ್ಪಿದರೆ ಗುಣಿಸು ಗುರುತು, ಪಾಸ್‌ಗೆ ಅಡ್ಡಗೆರೆ. ತೀರ್ಪುಗಾರರು ಬರೆಯುವುದೂ ಹೀಗೇ. ಇಬ್ಬರು ಕೊನೆಗೆ ದಾಟಿದ ಎತ್ತರ ಒಂದೇ ಆದರೆ, ಆ ಎತ್ತರದಲ್ಲಿ ಕಡಿಮೆ ಸಲ ತಪ್ಪಿದವರು ಮುಂದೆ. ಹಾಳೆ ಇದ್ದರೆ ಮೈಕ್‌ನಲ್ಲಿ ಹೇಳುವ ಮೊದಲೇ ನಿಮ್ಮ ಮಗ ಫಲಿತಾಂಶ ಹೇಳುತ್ತಾನೆ.

ಹೊರಡುವ ಮೊದಲು ಮನೆ ಗೋಡೆಯ ಮೇಲೆ 1.92 ಮೀಟರ್‌ಗೆ ಒಂದು ಗೆರೆ ಎಳೆಯಿರಿ. ನಮ್ಮ ರಾಜ್ಯದ ಸಹನಾ ಕುಮಾರಿ 2012ರಲ್ಲಿ ಅಷ್ಟು ಎತ್ತರ ಹಾರಿ ಲಂಡನ್ ಒಲಿಂಪಿಕ್ಸ್‌ಗೆ ಹೋದವರು. ಆ ಗೆರೆಯ ಕೆಳಗೆ ನೀವೇ ನಿಂತು ನೋಡಿ!

ಓಟವೇ ಬೇಕು ಅಂತ ಮಗ ಹಟ ಹಿಡಿದರೆ 4x100 ರಿಲೇ ತೋರಿಸಿ. ಆಗಲೂ ತಿರುವಿನ ಹತ್ತಿರ ಕೂರಿ. ಒಬ್ಬರು ಮುಂದಿನವರ ಕೈಗೆ ಬ್ಯಾಟನ್ ಕೋಲು ಕೊಡುವ 30 ಮೀಟರ್ ಜಾಗದಲ್ಲೇ ಎಷ್ಟೋ ತಂಡಗಳು ಸೋಲುತ್ತವೆ.

ಟೋಪಿ, ನೀರು, ತಿಂಡಿ ಬ್ಯಾಗಿನಲ್ಲೇ ಇರಲಿ. ಟೀಗೆ ಏಳಲೇಬೇಕು ಅನಿಸಿದರೆ ಬಾರ್ ಕೆಳಗಿದ್ದಾಗಲೇ ಹೋಗಿ ಬನ್ನಿ. ಐದಾರು ಜನ ಉಳಿದ ಮೇಲೆ ಕೂತ ಜಾಗ ಬಿಟ್ಟು ಕದಲಬೇಡಿ.