ಜೋಡಿಯನ್ನು ಮೀನುಗಳೇ ಆರಿಸಿಕೊಳ್ಳಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಳೆದ ಹುತ್ತರಿಯ ಹೊತ್ತಿಗೆ ಮೈಸೂರಿನ ಅಂಗಡಿಯೊಂದರಿಂದ ನಾಣ್ಯದಷ್ಟಿದ್ದ ಎಂಟು ಏಂಜಲ್ ಮೀನಿನ ಮರಿಗಳನ್ನು ತಂದು, ಎರಡೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯಲ್ಲಿ ಸಾಕುತ್ತಿದ್ದೇನೆ. ಜೂನ್ ಆರಂಭದಲ್ಲಿ ತೋಟದ ಕೆರೆಯಿಂದ ನೀರು ತಂದು ಅರ್ಧ ತೊಟ್ಟಿ ಬದಲಿಸಿದ ಮರುದಿನವೇ ಎರಡು ಸತ್ತವು. ಉಳಿದ ಆರರಲ್ಲಿ ಎರಡು ಮೀನುಗಳು ಫಿಲ್ಟರ್ ಪೈಪಿನ ಮೂಲೆಯನ್ನು ಹಿಡಿದುಕೊಂಡು ಬೇರೆಯವನ್ನು ಹತ್ತಿರ ಸೇರಿಸುತ್ತಿಲ್ಲ. ಒಂದರ ರೆಕ್ಕೆ ಹರಿದಿದೆ. ಹದಿನೈದು ದಿನಗಳ ಹಿಂದೆ ಪೈಪಿನ ಮೇಲೆ ಮೊಟ್ಟೆ ಇಟ್ಟವು, ಮರುದಿನ ಅವೆಲ್ಲ ಬೆಳ್ಳಗಾಗಿ, ಮೂರನೆಯ ದಿನ ಕಾಣೆಯಾದವು. ಇವು ನಿಜಕ್ಕೂ ಗಂಡು ಹೆಣ್ಣೇ, ಅಥವಾ ಅಂಗಡಿಯವರು ಹೇಳುವ ‘ಗ್ಯಾರಂಟಿ ಜೋಡಿ’ಯನ್ನೇ ಕೊಂಡು ತರಬೇಕೇ?
– ನಾಪೋಕ್ಲು ಸಮೀಪದ ಓದುಗರು

ಉತ್ತರ: ದಯವಿಟ್ಟು ಬೇರೆ ಜೋಡಿಯನ್ನು ಕೊಳ್ಳಬೇಡಿ. ನಿಮ್ಮ ತೊಟ್ಟಿಯಲ್ಲಿ ಆಗುತ್ತಿರುವುದು ಆಗಬೇಕಾದದ್ದೇ, ಮತ್ತು ಆಗಬೇಕಾದ ವಯಸ್ಸಿನಲ್ಲಿಯೇ ಆಗುತ್ತಿದೆ.

ಏಂಜಲ್ ಮೀನು ಅಮೆಜಾನ್ ನದಿಯ ಸೀಮೆಯದಾದರೂ ಅದು ಸೇರಿರುವ ಸಿಕ್ಲಿಡ್ ಕುಟುಂಬ ನಮಗೆ ಅಪರಿಚಿತವಲ್ಲ. ಕೇರಳದವರ ಕರಿಮೀನು, ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು (ತಿಲಾಪಿಯ), ಇವೆರಡೂ ಅದೇ ಕುಟುಂಬದವು. ಮೊಟ್ಟೆಯಿಟ್ಟು ಹೊರಟುಹೋಗದೆ ಮೊಟ್ಟೆ ಮರಿಗಳನ್ನು ಕಾಯುವುದು ಈ ಕುಟುಂಬದ ಗುಣ. ಏಂಜಲ್ ಮೀನಿನಲ್ಲಿ ಗಂಡು ಹೆಣ್ಣು ಎರಡೂ ಸೇರಿ ಕಾವಲು ಕಾಯುವುದರಿಂದ ಜೊತೆಗಾರನನ್ನು ಅವು ಪರೀಕ್ಷಿಸಿ, ತಳ್ಳಾಡಿ, ಬಾಯಿಗೆ ಬಾಯಿ ಕೊಟ್ಟು ಎಳೆದಾಡಿ ಆರಿಸಿಕೊಳ್ಳುತ್ತವೆ. ಹಾಗೆ ಆರಿಸಿಕೊಂಡ ಮೇಲೆ ಒಂದು ಜಾಗವನ್ನು ತಮ್ಮದೆಂದು ಹಿಡಿಯುತ್ತವೆ. ನೀವು ಜಗಳವೆಂದು ಕಂಡದ್ದು ಮರಿಗಳಿಗಾಗಿ ಮನೆ ಕಟ್ಟುವ ಕೆಲಸದ ಮೊದಲ ಹಂತ. ನಾವು ಒಂದು ಗಂಡನ್ನೂ ಒಂದು ಹೆಣ್ಣನ್ನೂ ತಂದು ಒಟ್ಟಿಗೆ ಬಿಟ್ಟ ಮಾತ್ರಕ್ಕೆ ಅವು ಕೂಡಿ ಬಾಳುತ್ತವೆ ಎನ್ನಲಾಗದು. ಎಷ್ಟೋ ಸಲ ಒಂದು ಇನ್ನೊಂದನ್ನು ಮೂಲೆಗೆ ಅಟ್ಟಿ ಕೊಂದುಬಿಡುತ್ತದೆ. ಆದ್ದರಿಂದಲೇ ಆರೆಂಟು ಮರಿಗಳನ್ನು ಒಟ್ಟಿಗೆ ಬೆಳೆಸಿ ಕಾಯುವ ಕ್ರಮ ಒಳ್ಳೆಯದು, ಮತ್ತು ನೀವು ತಿಳಿದೋ ತಿಳಿಯದೆಯೋ ಅದನ್ನೇ ಮಾಡಿದ್ದೀರಿ.

ಗಂಡು ಹೆಣ್ಣಿನ ವಿಷಯ. ಮರಿಗಳಲ್ಲಿ ಇದನ್ನು ಯಾರೂ ನೋಡಿ ಹೇಳಲಾರರು. ದೊಡ್ಡದು ಗಂಡು, ಹಣೆ ಉಬ್ಬಿದ್ದು ಗಂಡು ಎಂಬ ಮಾತುಗಳನ್ನು ಆ ವಯಸ್ಸಿನಲ್ಲಿ ನಂಬಬಾರದು. ನಂಬಬಹುದಾದ ಗುರುತು ಮೊಟ್ಟೆಯಿಡುವ ದಿನ ಅಥವಾ ಅದಕ್ಕೆ ಸ್ವಲ್ಪ ಮುಂಚೆ, ಹೊಟ್ಟೆಯ ಕೆಳಗೆ ಹೊರಚಾಚುವ ಪುಟ್ಟ ಕೊಳವೆ. ಅದು ಗಂಡಿನಲ್ಲಿ ಸಪೂರವಾಗಿ ಚೂಪಾಗಿರುತ್ತದೆ, ಹೆಣ್ಣಿನಲ್ಲಿ ದಪ್ಪವಾಗಿ ಮೊಂಡಾಗಿರುತ್ತದೆ. ಗಂಡು ಸಿಗದಿದ್ದಾಗ ಎರಡು ಹೆಣ್ಣುಗಳೇ ಜೋಡಿಯಾಗಿ, ಎರಡೂ ಮೊಟ್ಟೆಯಿಟ್ಟು, ಎರಡೂ ಕಾವಲು ಕಾಯುವುದುಂಟು. ಆಗ ಮೊಟ್ಟೆಗಳೆಲ್ಲ ಫಲಿಸದೆ ಬೆಳ್ಳಗಾಗುತ್ತವೆ. ಆದರೆ ನಿಮ್ಮಲ್ಲಿ ಬೆಳ್ಳಗಾದದ್ದು ಮೊದಲ ಸಲದ ಮೊಟ್ಟೆಗಳಾದ್ದರಿಂದ ಈಗಲೇ ಆ ತೀರ್ಮಾನಕ್ಕೆ ಬರಬೇಡಿ. ಎಳೆಯ ಜೋಡಿಗಳು ಮೊದಲ ಎರಡು ಮೂರು ಸಲ ಮೊಟ್ಟೆಗಳನ್ನು ಸರಿಯಾಗಿ ಫಲಿಸಲಾರದೆ ಹೋಗುವುದು, ಫಲಿಸಿದ್ದನ್ನೂ ಹೆದರಿ ತಿಂದುಹಾಕುವುದು ಸಾಮಾನ್ಯ. ಹೊಟ್ಟೆ ತುಂಬ ಆಹಾರ ಸಿಕ್ಕರೆ ಎರಡು ವಾರಗಳ ಆಸುಪಾಸಿನಲ್ಲಿ ಅವು ಮತ್ತೆ ಮೊಟ್ಟೆಯಿಡುತ್ತವೆ. ಮುಂದಿನ ಸಲ ಕೊಳವೆಗಳನ್ನು ನೋಡಿಡಿ, ಒಂದು ಮೀನು ಮೊಟ್ಟೆಯಿಟ್ಟು ಸರಿದಂತೆ ಇನ್ನೊಂದು ಅವನ್ನು ಫಲಿಸಲು ಅದೇ ಸಾಲಿನ ಮೇಲೆ ಹಾದುಹೋಗುತ್ತದೆಯೇ ಗಮನಿಸಿ. ನಾಲ್ಕನೆಯ ಸಲವೂ ಒಂದು ಮೊಟ್ಟೆಯೂ ಉಳಿಯದಿದ್ದರೆ ಆಗ ಸಂಶಯ ಪಡೋಣ.

ಈಗ ತುರ್ತಾಗಿ ಮಾಡಬೇಕಾದದ್ದು ಉಳಿದ ನಾಲ್ಕನ್ನು ಬೇರೆ ಮಾಡುವುದು. ನಿಮ್ಮ ತೊಟ್ಟಿ ಸುಮಾರು 100 ಲೀಟರಿನದು. ಒಂದು ಜೋಡಿಗೆ ಅದು ಸಾಕು, ಆರು ಬೆಳೆದ ಮೀನುಗಳಿಗೆ ಖಂಡಿತ ಸಾಲದು. ಜೋಡಿಯನ್ನು ಅಲ್ಲಿಯೇ ಬಿಟ್ಟು ಉಳಿದವನ್ನು ತೆಗೆಯಿರಿ, ತಿರುಗುಮುರುಗು ಮಾಡಬೇಡಿ. ನನ್ನ ಮೊದಲ ಜೋಡಿಯನ್ನು ‘ಹೊಸ ಒಳ್ಳೆಯ ತೊಟ್ಟಿ’ಗೆ ಬದಲಿಸಿದ ವಾರದೊಳಗೆ ಗಂಡು ಹೆಣ್ಣನ್ನು ಅಟ್ಟಾಡಿಸತೊಡಗಿ, ಆ ಜೋಡಿ ಮತ್ತೆ ಕೂಡಲೇ ಇಲ್ಲ, ಆ ಬೇಸರ ನನಗೆ ಇಂದಿಗೂ ಇದೆ. ತೆಗೆದ ನಾಲ್ಕಕ್ಕೆ ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಾದರೂ ಆದೀತು, ಆದರೆ ಈಗಿನ ಫಿಲ್ಟರಿನ ಸ್ಪಂಜಿನಲ್ಲಿ ಅರ್ಧ ಭಾಗವನ್ನು ಅದರ ಫಿಲ್ಟರಿಗೆ ಹಾಕಿ. ಮೀನಿನ ಮಲಮೂತ್ರದಿಂದ ಬರುವ ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಗಳು ಆ ಸ್ಪಂಜಿನಲ್ಲಿಯೇ ನೆಲೆಸಿರುತ್ತವೆ. ಅವಿಲ್ಲದ ಹೊಸ ತೊಟ್ಟಿ ಮೀನಿಗೆ ವಿಷದ ತೊಟ್ಟಿ.

ಜೂನ್ ತಿಂಗಳ ಸಾವುಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲು. ಮಳೆ ಹಿಡಿಯುವ ಮುನ್ನ ಕಾಫಿಗೂ ಕರಿಮೆಣಸಿಗೂ ಬೋರ್ಡೋ ದ್ರಾವಣ ಹೊಡೆಯುವ ಕಾಲವದು. ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಮೀನುಗಳಿಗೆ ವಿಷ, ಅದರಲ್ಲಿಯೂ ಲವಣಾಂಶ ಕಡಿಮೆಯಿರುವ ಮೆದು ನೀರಿನಲ್ಲಿ ಅದರ ಏಟು ಇನ್ನೂ ಜೋರು. ಮೊದಲ ಮಳೆಗೆ ತೋಟದಿಂದ ಇಳಿದ ನೀರು ನಿಮ್ಮ ಕೆರೆ ಸೇರಿರಬಹುದು. ಅದೇ ಕಾರಣವೆಂದು ಇಲ್ಲಿ ಕುಳಿತು ಸಾಧಿಸಲಾರೆ. ಒಮ್ಮೆಗೇ ಅರ್ಧ ತೊಟ್ಟಿ ಬದಲಿಸಿದ್ದೂ ಕಾರಣವಾಗಿರಬಹುದು. ಎರಡಕ್ಕೂ ಪರಿಹಾರ ಒಂದೇ: ಸಿಂಪಡಣೆಯ ದಿನಗಳಲ್ಲಿ ಕೆರೆಯ ನೀರನ್ನೂ ತೋಡಿನ (ಹಳ್ಳದ) ನೀರನ್ನೂ ಮುಟ್ಟದೆ, ಬಾವಿ ಅಥವಾ ಕೊಳವೆಬಾವಿಯ ನೀರನ್ನು ಒಂದು ರಾತ್ರಿ ತೆರೆದಿಟ್ಟು, ವಾರಕ್ಕೆ ಕಾಲು ಭಾಗದಷ್ಟು ಮಾತ್ರ ಬದಲಿಸಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ನಡೆಯುವ ತಿಂಗಳುಗಳಲ್ಲಿಯೂ, ಅದರ ಕೊಳೆನೀರು ಸೇರಿರಬಹುದಾದ್ದರಿಂದ, ತೋಡಿನ ನೀರು ಬೇಡ.

ಮೊಟ್ಟೆಗಳು ಫಲಿಸಿದರೆ 27–28 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯ ನೀರಿನಲ್ಲಿ ಸುಮಾರು ಎರಡೂವರೆ ದಿನಕ್ಕೆ ಒಡೆಯುತ್ತವೆ. ಮರಿಗಳು ಇನ್ನೂ ನಾಲ್ಕೈದು ದಿನ ಅಂಟಿಕೊಂಡೇ ಇದ್ದು ಆಮೇಲೆ ಈಜುತ್ತವೆ. ಈಜುವವರೆಗೆ ಆಹಾರ ಹಾಕಬೇಡಿ. ಈಜಿದ ದಿನದಿಂದ ಆಗತಾನೇ ಒಡೆದ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳನ್ನು ದಿನಕ್ಕೆ ಮೂರು ನಾಲ್ಕು ಸಲ ಕೊಡಿ. ಆ ದಿನಗಳಲ್ಲಿ ತೊಟ್ಟಿಯ ಮುಂದೆ ಮಕ್ಕಳ ಓಡಾಟ ಕಡಿಮೆಯಾದಷ್ಟೂ ಒಳ್ಳೆಯದು, ಏಕೆಂದರೆ ಹೆದರಿದ ತಾಯ್ತಂದೆಗಳೇ ಮರಿಗಳನ್ನು ತಿನ್ನುತ್ತವೆ.

ಪ್ರಶ್ನೆ: ಮಗನ ಹಟಕ್ಕೆ ಮಲಾವಿ ಸಿಕ್ಲಿಡ್ ಎಂದು ಹೇಳಿ ಕೊಟ್ಟ ಎರಡು ಹಳದಿ, ಎರಡು ನೀಲಿ ಮರಿಗಳನ್ನು ತಂದೆವು. ನೀಲಿಯಲ್ಲಿ ಒಂದು ಇನ್ನೊಂದನ್ನು ಕೊಂದಿದೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಕರೆಂಟು ಎರಡು ಮೂರು ದಿನ ಇರುವುದಿಲ್ಲ, ನೀರು 19 ಡಿಗ್ರಿಗೆ ಇಳಿಯುತ್ತದೆ. ಉಳಿದವು ಜೋಡಿಯಾಗುತ್ತವೆಯೇ?
– ಸೋಮವಾರಪೇಟೆಯ ಓದುಗರು

ಉತ್ತರ: ಜೋಡಿಯಾಗುವುದಿಲ್ಲ. ಆಫ್ರಿಕದ ಮಲಾವಿ ಸರೋವರದ ಬಂಡೆಗಳ ನಡುವೆ ಬಾಳುವ ಈ ಮೀನುಗಳಲ್ಲಿ ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುತ್ತದೆ, ಹೆಣ್ಣು ಒಂಟಿಯಾಗಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಸುಮಾರು ಮೂರು ವಾರ ಸಾಕುತ್ತದೆ. ಹಾಗಾಗಿ ಒಂದು ಜಾತಿಯಲ್ಲಿ ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳಿರಬೇಕು. ಎರಡೆರಡು ತಂದರೆ ಬಲವಾದದ್ದು ಬಡಪಾಯಿಯನ್ನು ಕೊಲ್ಲುವುದೇ ಹೆಚ್ಚು. ಇನ್ನೊಂದು ತೊಡಕೂ ಇದೆ. ಮಲಾವಿಯ ನೀರು ಕ್ಷಾರೀಯ, ಪಿಎಚ್ 8ರ ಆಸುಪಾಸು. ನಮ್ಮ ಗುಡ್ಡದ ನೀರು ಸಾಮಾನ್ಯವಾಗಿ ಮೆದು. ಚೆನ್ನಾಗಿ ತೊಳೆದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಫಿಲ್ಟರಿನೊಳಗೆ ಇಟ್ಟರೆ ಅದು ನಿಧಾನವಾಗಿ ಕರಗಿ ನೀರನ್ನು ಗಡುಸು ಮಾಡುತ್ತದೆ. ಆದರೂ ಹೊಸದಾಗಿ ಸಾಕುವವರಿಗೆ ನಮ್ಮ ನೀರಿಗೆ ಹೊಂದುವ ಏಂಜಲ್ ಮೀನೇ ಮೇಲು ಎಂಬುದು ನನ್ನ ಅಭಿಪ್ರಾಯ. ಊರಿನ ನೀರಿನೊಡನೆ ಹೋರಾಡುತ್ತ ಮೀನು ಸಾಕುವುದು ಮಗನಿಗೂ ಬೇಸರ ತರಿಸುತ್ತದೆ.

ಚಳಿಗೆ ಹೀಟರ್ ಬೇಕೇ ಬೇಕು. ಬಯಲುಸೀಮೆಯಲ್ಲಿ ಲೀಟರಿಗೆ ಒಂದು ವ್ಯಾಟ್ ಸಾಕಾದರೆ ನಮ್ಮಲ್ಲಿ ಒಂದೂವರೆ ವ್ಯಾಟ್ ಹಿಡಿಯಿರಿ. ಕರೆಂಟು ಹೋದಾಗ ತೊಟ್ಟಿಯ ಮೂರು ಬದಿಗೆ ಥರ್ಮೋಕೋಲ್, ಮೇಲೆ ಕಂಬಳಿ ಹೊದಿಸಿ, ಬ್ಯಾಟರಿಯ ಏರ್ ಪಂಪ್ ನಡೆಸಿ, ಆಹಾರ ನಿಲ್ಲಿಸಿ. ಎರಡು ಮೂರು ದಿನದ ಉಪವಾಸ ಬೆಳೆದ ಮೀನಿಗೆ ಹೊರೆಯಲ್ಲ. ಬಿಸಿನೀರನ್ನು ಬಾಟಲಿಯಲ್ಲಿ ತುಂಬಿ ಮುಚ್ಚಿ ತೇಲಿಬಿಡಬಹುದು, ತೊಟ್ಟಿಗೆ ಸುರಿಯಬಾರದು.

ಪ್ರಶ್ನೆ: ಕನ್ವಿಕ್ಟ್ ಸಿಕ್ಲಿಡ್ ಜೋಡಿಯ ಮರಿಗಳು ನೂರು ದಾಟಿವೆ. ಮನೆಯ ಹಿಂದೆಯೇ ಕಾವೇರಿ ಇದೆ, ಬಿಡಬಹುದೇ?
– ಕುಶಾಲನಗರದ ಓದುಗರು

ಉತ್ತರ: ಒಂದನ್ನೂ ಬಿಡಬೇಡಿ. 1952ರಲ್ಲಿ ಭಾರತಕ್ಕೆ ತಂದ ಜಿಲೇಬಿ ಮೀನು ಇಂದು ಎಷ್ಟು ಕೆರೆ ನದಿಗಳಲ್ಲಿ ಊರಿನ ಮೀನುಗಳ ಜಾಗ ಹಿಡಿದಿದೆ ಎಂಬುದು ಬಲೆ ಬೀಸುವ ಯಾರಿಗೂ ಗೊತ್ತು, ಮತ್ತು ಮರಿ ಕಾಯುವ ಸಿಕ್ಲಿಡ್ ಗುಣವೇ ಅದರ ಬಲ. ಕಾವೇರಿಯ ಗೂನು ಬೆನ್ನಿನ ಮಹಶೀರ್ ಮೀನು ಈಗಾಗಲೇ ಅಳಿವಿನ ಅಂಚಿನಲ್ಲಿದೆ. ಅದರ ನದಿಗೆ ಮಧ್ಯ ಅಮೆರಿಕದ ಮೀನನ್ನು ಸೇರಿಸುವ ಕೆಲಸ ನಮ್ಮ ಕೈಯಿಂದ ಆಗಬಾರದು. ಮರಿಗಳನ್ನು ಅಂಗಡಿಗೋ ಸಾಕುವ ಗೆಳೆಯರಿಗೋ ಕೊಡಿ. ಜೋಡಿಯಲ್ಲಿ ಹೊಟ್ಟೆಯ ಮೇಲೆ ಕಿತ್ತಳೆ ಬಣ್ಣವಿರುವುದು ಹೆಣ್ಣು. ಮತ್ತೆ ಮರಿಗಳಾಗದಂತೆ ಅದನ್ನು ಬೇರೆ ತೊಟ್ಟಿಗೆ ಹಾಕಿ. ಅದು ಆಗದಿದ್ದರೆ ಮುಂದಿನ ಸಲ ಮೊಟ್ಟೆ ಕಂಡ ದಿನವೇ ಆ ಕಲ್ಲನ್ನೋ ಮಣ್ಣಿನ ಕುಡಿಕೆಯನ್ನೋ ಹೊರತೆಗೆದು ಬಿಸಿಲಿಗೆ ಒಣಗಿಸಿಬಿಡಿ.