ಬಾಟಲಿ ತಿರುಗಿಸಿ ನೋಡಿದರೆ ಏನೂ ಇಲ್ಲ

ಪ್ರಶ್ನೆ: ನನ್ನ ತಂಗಿಗೆ ಬಾದಾಮಿ ಆಗಿಬರುವುದಿಲ್ಲ. ಚಿಕ್ಕವಳಿದ್ದಾಗಿನಿಂದ ಯಾವುದನ್ನೇ ತಿನ್ನುವ ಮೊದಲು ಪೊಟ್ಟಣ ಓದುವ ಅಭ್ಯಾಸ ಅವಳಿಗಿದೆ. ಹೋದ ತಿಂಗಳು ಗೆಳತಿಯರ ಜೊತೆ ಕೂತಾಗ ಒಂದು ಲಿಕ್ಯೂರ್, ಅಂದರೆ ಸಕ್ಕರೆ, ಸುವಾಸನೆ ಬೆರೆಸಿದ ಸಿಹಿ ಮದ್ಯ, ಎರಡೇ ಗುಟುಕು ಕುಡಿದಳು. ಐದು ನಿಮಿಷದಲ್ಲಿ ತುಟಿ ಊದಿತು, ಗಂಟಲು ಕೆರೆಯಲು ಶುರುವಾಯಿತು. ಆಸ್ಪತ್ರೆಗೆ ಓಡಿದೆವು, ಈಗ ಆರಾಮಾಗಿದ್ದಾಳೆ. ಆಮೇಲೆ ಬಾಟಲಿ ತಿರುಗಿಸಿ ನೋಡಿದೆ. ಆಲ್ಕೋಹಾಲ್ ಶೇಕಡಾ ಎಷ್ಟು, ಬಾಟಲಿ ಎಷ್ಟು ಮಿಲಿಲೀಟರ್, ಮಾಡಿದವರ ವಿಳಾಸ. ಅಷ್ಟೇ. ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುವಷ್ಟು ವಿವರವೂ ಇದರ ಮೇಲೆ ಯಾಕಿಲ್ಲ?

ಉತ್ತರ: ಮೊದಲು ತಂಗಿಯ ವಿಷಯ. ಅವಳನ್ನು ಅಲರ್ಜಿ ವೈದ್ಯರಿಗೆ ತೋರಿಸಿ. ಇನ್ನೊಮ್ಮೆ ಆದರೆ ಇದಕ್ಕಿಂತ ಜೋರಾಗಿಯೇ ಆಗಬಹುದು. ಜೋರು ಅಲರ್ಜಿಗೆ ತುರ್ತಾಗಿ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಹತ್ತಿರ ಇಟ್ಟುಕೊಳ್ಳಬೇಕೇ ಅಂತ ಕೇಳಿಕೊಂಡು ಬನ್ನಿ. ಅದೇ ಲಿಕ್ಯೂರ್ ಹೌದೋ ಅಲ್ಲವೋ ಅಂತ ಮನೆಯಲ್ಲಿ ಮತ್ತೆ ಒಂದು ಹನಿ ನೆಕ್ಕಿ ನೋಡುವ ಸಾಹಸವಂತೂ ಬೇಡವೇ ಬೇಡ.

ಇನ್ನು ಬಾಟಲಿ. ಬಾದಾಮಿ ಘಮ ಅಂತ ನಾವು ಹೇಳುವುದು ಬೆಂಜಾಲ್ಡಿಹೈಡ್ ಅನ್ನುವ ಒಂದು ರಾಸಾಯನಿಕದ ವಾಸನೆ. ಅದು ಏಪ್ರಿಕಾಟ್ ಹಣ್ಣಿನ ಬೀಜದ ತಿರುಳಿನಿಂದಲೂ ಬರುತ್ತದೆ, ಕಾರ್ಖಾನೆಯಲ್ಲೂ ತಯಾರಾಗುತ್ತದೆ. ಹಾಗಾಗಿ ಅಮರೆಟ್ಟೊ ಅನ್ನುವ ಬಾದಾಮಿ ಘಮದ ಲಿಕ್ಯೂರ್ ಥರದ ಮೂರು ಬಾಟಲಿ ಸಾಲಾಗಿ ಇಟ್ಟರೆ ಒಂದರಲ್ಲಿ ನಿಜವಾದ ಬಾದಾಮಿ, ಇನ್ನೊಂದರಲ್ಲಿ ಏಪ್ರಿಕಾಟ್ ತಿರುಳು, ಮೂರನೆಯದರಲ್ಲಿ ಎರಡೂ ಇಲ್ಲ, ಬರೀ ಸುವಾಸನೆ ಅಂತ ಇರಬಹುದು. ಮೂರರ ವಾಸನೆಯೂ ಒಂದೇ. ಯಾವುದರಲ್ಲಿ ಏನಿದೆ ಅಂತ ಮೂಗಿಗೆ ಗೊತ್ತಾಗುವುದಿಲ್ಲ, ಮಾಡಿದವನೇ ಬರೆದು ತಿಳಿಸಬೇಕು.

ಯಾಕೆ ಬರೆದಿಲ್ಲ ಅಂದರೆ, ಎಷ್ಟೋ ಕಡೆ ಮದ್ಯವನ್ನು ಸರ್ಕಾರ ನೋಡಿದ್ದು ಆಹಾರ ಅಂತಲ್ಲ, ತೆರಿಗೆ ಅಂತ. ಅಮೆರಿಕವನ್ನೇ ನೋಡಿ. 1933ರಲ್ಲಿ ಪಾನನಿಷೇಧ ಮುಗಿಯಿತು, 1935ರಲ್ಲಿ ಮದ್ಯಕ್ಕೇ ಬೇರೆ ಕಾನೂನು ಬಂತು. ಇವತ್ತಿಗೂ ಅಲ್ಲಿ ಬ್ರೆಡ್ಡಿನ ಲೇಬಲ್ ನೋಡಿಕೊಳ್ಳುವುದು ಆಹಾರ ಮತ್ತು ಔಷಧ ಇಲಾಖೆ, ವಿಸ್ಕಿಯ ಲೇಬಲ್ ನೋಡಿಕೊಳ್ಳುವುದು ಖಜಾನೆ ಇಲಾಖೆಯ ಕೆಳಗಿನ ತೆರಿಗೆ ಕಚೇರಿ. ತೆರಿಗೆಯವರಿಗೆ ಮುಖ್ಯವಾಗಿ ಬೇಕಾಗಿದ್ದು ಎಷ್ಟು ಲೀಟರ್, ಎಷ್ಟು ಕಡಕ್ ಅನ್ನುವುದು. ನಿಮ್ಮ ಬಾಟಲಿಯ ಮೇಲೆ ಕಂಡದ್ದೂ ಅದೇ ಅಲ್ವಾ? ಸಲ್ಫೈಟ್ (ವೈನ್ ಕೆಡದಿರಲಿ ಅಂತ ಬೆರೆಸುವ ಗಂಧಕದ ಸಂಯುಕ್ತ) ಇದ್ದರೆ ಬರೆಯಲೇಬೇಕು ಅನ್ನುವ ನಿಯಮ ಅಲ್ಲಿ 1987ರಿಂದ ಇದೆ. ಆದರೆ ಹಾಲು, ಮೊಟ್ಟೆ, ಗೋಧಿ, ಬಾದಾಮಿಯಂಥ ಬೀಜಗಳ ಅಲರ್ಜಿ ಮಾಹಿತಿಯನ್ನು ಕಡ್ಡಾಯ ಮಾಡುವ ಕರಡು ನಿಯಮ ಹೊರಬಿದ್ದದ್ದು 2025ರ ಜನವರಿಯಲ್ಲಿ.

ಯುರೋಪಿಯನ್ ಒಕ್ಕೂಟ ಸ್ವಲ್ಪ ಮುಂದಿದೆ. ಅಲ್ಲಿ 2011ರ ಕಾನೂನು ಶೇಕಡಾ 1.2ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರುವ ಪಾನೀಯಗಳಿಗೆ ಪದಾರ್ಥಗಳ ಪಟ್ಟಿಯಿಂದ ವಿನಾಯಿತಿ ಕೊಟ್ಟಿತು, ಅಲರ್ಜಿ ವಿವರದಿಂದ ಕೊಡಲಿಲ್ಲ. ವೈನ್‌ಗೆ ಮಾತ್ರ 2023ರ ಡಿಸೆಂಬರ್ 8ರಿಂದ ಪೂರ್ತಿ ಪಟ್ಟಿ ಕಡ್ಡಾಯವಾಯಿತು. ಆ ಪಟ್ಟಿಯನ್ನು ಕ್ಯೂಆರ್ ಕೋಡ್ ಹಿಂದೆ ಇಡಬಹುದು, ಅಲರ್ಜಿ ವಿವರ ಮತ್ತು ಕ್ಯಾಲೊರಿ ಮಾತ್ರ ಬಾಟಲಿಯ ಮೇಲೇ ಇರಬೇಕು. ಇದು ಸರಿಯಾದ ಗೆರೆ ಅಂತ ನನಗನ್ನಿಸುತ್ತದೆ. ದ್ರಾಕ್ಷಿಗೆ ಯಾವ ಹುಳಿ ಬೆರೆಸಿದರು ಅಂತ ಆಮೇಲೆ ಪುರುಸೊತ್ತಾಗಿ ಮೊಬೈಲಿನಲ್ಲಿ ನೋಡೋಣ. ಆದರೆ ಮಂದ ಬೆಳಕಲ್ಲಿ, ಬ್ಯಾಟರಿ ಸತ್ತ ಫೋನ್ ಹಿಡಿದುಕೊಂಡು 'ಇದರಲ್ಲಿ ಮೊಟ್ಟೆ ಇದೆಯಾ' ಅಂತ ಹುಡುಕುವ ಸ್ಥಿತಿ ಯಾರಿಗೂ ಬರಬಾರದು.

ತಯಾರಕರ ಕಡೆಯ ಮಾತೂ ಒಂದಿದೆ: ಹುದುಗಿದ ಮೇಲೆ, ಬಟ್ಟಿ ಇಳಿಸಿದ ಮೇಲೆ ಹಾಕಿದ್ದು ಹಾಕಿದ ಹಾಗೆ ಉಳಿಯುವುದಿಲ್ಲ, ಪಟ್ಟಿ ಕೊಟ್ಟರೆ ಜನರ ದಾರಿ ತಪ್ಪುತ್ತದೆ ಅಂತ. ಅರ್ಧ ನಿಜ. ಗೋಧಿಯಿಂದ ಮಾಡಿದ ವೋಡ್ಕಾವನ್ನು ಸರಿಯಾಗಿ ಬಟ್ಟಿ ಇಳಿಸಿದರೆ ಗೋಧಿಯ ಪ್ರೋಟೀನ್ ಆವಿಯ ಜೊತೆ ಬರುವುದಿಲ್ಲ, ಹಿಂದೆಯೇ ಉಳಿಯುತ್ತದೆ. ಅದರ ಮೇಲೆ ಗೋಧಿ ಅಂತ ಬರೆದು ಹೆದರಿಸಬೇಕಾಗಿಲ್ಲ. ಆದರೆ ಬಟ್ಟಿ ಇಳಿಸಿದ ಮೇಲೆ ಸುರಿಯುವ ಕೆನೆ, ಮೊಟ್ಟೆ, ಬೀಜದ ಸಾರ ಎಲ್ಲಿಗೂ ಹೋಗುವುದಿಲ್ಲ, ಎಲ್ಲ ನಿಮ್ಮ ಗ್ಲಾಸಿಗೇ ಬರುತ್ತದೆ. ಲಿಕ್ಯೂರ್ ಅಂದರೆ ಇದೇ ಜಾತಿ. ಲೇಬಲ್ಲಿನಲ್ಲಿ ಜಾಗ ಇಲ್ಲ ಅನ್ನುವ ಇನ್ನೊಂದು ಸಬೂಬನ್ನಂತೂ ನಾನು ನಂಬುವುದಿಲ್ಲ. ನಾಲ್ಕು ಪದಕ, ಒಂದು ಕುದುರೆ, ಮುತ್ತಾತನ ಸಹಿ ಎಲ್ಲಕ್ಕೂ ಜಾಗ ಸಿಕ್ಕಿರುತ್ತದಲ್ಲ!

ಪಟ್ಟಿ ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 1960ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಬಿಯರಿನ ನೊರೆ ಬೇಗ ಇಳಿಯದಿರಲಿ ಅಂತ ಕೋಬಾಲ್ಟ್ ಅನ್ನುವ ಲೋಹದ ಲವಣ ಬೆರೆಸುತ್ತಿದ್ದರು. ದಿನಾ ವಿಪರೀತ ಕುಡಿಯುತ್ತಿದ್ದವರ ಹೃದಯದ ಸ್ನಾಯು ಸೋತು ಸುಮಾರು 20 ಜನ ಸತ್ತರು. ಪಟ್ಟಿ ಇದ್ದಿದ್ದರೆ ಅವರು ಬದುಕುತ್ತಿದ್ದರು ಅಂತ ಹೇಳಲಾರೆ, ಡಾಕ್ಟರಿಗೆ ಹುಡುಕಲು ಒಂದು ಎಳೆಯಾದರೂ ಬೇಗ ಸಿಗುತ್ತಿತ್ತು. ಇನ್ನು 1985ರಲ್ಲಿ ಆಸ್ಟ್ರಿಯಾದಲ್ಲಿ ವೈನ್ ಸಿಹಿಯಾಗಲಿ ಅಂತ ಡೈಇಥಿಲೀನ್ ಗ್ಲೈಕಾಲ್ ಅನ್ನುವ ವಿಷಕಾರಿ ರಾಸಾಯನಿಕ ಸುರಿದರಲ್ಲ, ಅಂಥವರು ಅದನ್ನು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ. ಅದಕ್ಕೆ ಬೇಕಾದದ್ದು ಪ್ರಯೋಗಾಲಯ.

ತಂಗಿಗೆ ಇನ್ನೊಂದು ಮಾತು ಹೇಳಿ. ಹೊರಗೆ ಹೋದಾಗ ಅವಳ ಮುಂದೆ ಬರುವುದು ಬಾಟಲಿಯಲ್ಲ, ಗ್ಲಾಸು. 'ಬಾಟಲಿ ತೋರಿಸಿ' ಅಂತ ಕೇಳಲು ನಾಚಿಕೆ ಬೇಡ.

ಪ್ರಶ್ನೆ: ರೆಡ್ ವೈನ್ ಒಂದು ಗ್ಲಾಸ್ ಕುಡಿದರೂ ನನಗೆ ತಲೆನೋವು. ಬಾಟಲಿ ಮೇಲೆ 'ಸಲ್ಫೈಟ್ ಇದೆ' ಅಂತ ಬರೆದಿದೆ. ಅದೇ ಕಾರಣ ಅಲ್ವಾ?

ಉತ್ತರ: ಪಾಪ, ಲೇಬಲ್ ಮೇಲೆ ಕಾಣುವುದು ಅದೊಂದೇ ಹೆಸರು, ಹಾಗಾಗಿ ಬೈಗುಳವೆಲ್ಲ ಅದಕ್ಕೇ. ಬಹುಶಃ ಅದಲ್ಲ. ಸಾಮಾನ್ಯವಾಗಿ ವೈಟ್ ವೈನ್‌ನಲ್ಲೇ ಸಲ್ಫೈಟ್ ಜಾಸ್ತಿ. ಯುರೋಪಿನ ಮಿತಿ ಸಿಹಿಯಿಲ್ಲದ ರೆಡ್‌ಗೆ ಲೀಟರಿಗೆ 150 ಮಿಲಿಗ್ರಾಂ, ವೈಟ್‌ಗೆ 200. ಒಣಗಿಸಿದ ಏಪ್ರಿಕಾಟ್‌ನಲ್ಲಿ ಇನ್ನೂ ಜಾಸ್ತಿ ಇರುತ್ತದೆ. ಅದು ತಿಂದಾಗ ತಲೆ ನೋಯುತ್ತದೆಯೇ, ಗಮನಿಸಿ. ಸಲ್ಫೈಟ್‌ಗೆ ನಿಜವಾಗಿ ಹೆದರಬೇಕಾದವರು ಆಸ್ತಮಾ ಇರುವವರು, ಕೆಲವರಿಗೆ ಉಸಿರು ಕಟ್ಟುತ್ತದೆ. ಯೀಸ್ಟ್ ತಾನೇ ಒಂದಿಷ್ಟು ಸಲ್ಫೈಟ್ ಮಾಡುವುದರಿಂದ, 'ಬೆರೆಸಿಲ್ಲ' ಅಂದ ವೈನ್‌ನಲ್ಲೂ ಅದು ಸೊನ್ನೆ ಇರುವುದಿಲ್ಲ. ಕುಡಿದ ಕೂಡಲೇ ಮುಖ ಕೆಂಪಾಗುವುದು ಬೇರೆ ಕಥೆ. ಆಲ್ಕೋಹಾಲನ್ನು ಕರಗಿಸುವ ಒಂದು ಕಿಣ್ವ ಹುಟ್ಟಿನಿಂದಲೇ ಮಂದ ಇದ್ದವರಿಗೆ ಹಾಗಾಗುತ್ತದೆ. ಅಲ್ಲಿ ತೊಂದರೆ ಕೊಡುವುದು ಆಲ್ಕೋಹಾಲೇ, ಅದರ ಹೆಸರು ಲೇಬಲ್ಲಿನಲ್ಲಿ ದಪ್ಪಕ್ಷರದಲ್ಲೇ ಇದೆ.

ಪ್ರಶ್ನೆ: ನಾನು ಸಸ್ಯಾಹಾರಿ. ಬಿಯರಿನಲ್ಲಿ ಮೀನು ಇರುತ್ತದೆ ಅಂತ ಗೆಳೆಯ ಹೆದರಿಸುತ್ತಿದ್ದಾನೆ. ಸುಮ್ನೆ ತಮಾಷೆಗಾ?

ಉತ್ತರ: ತಮಾಷೆ ಅಲ್ಲ. ಐಸಿಂಗ್‌ಗ್ಲಾಸ್ ಅಂತ ಒಂದಿದೆ, ಮೀನಿನ ಗಾಳಿಚೀಲ ಒಣಗಿಸಿ ಮಾಡುವುದು. ಕೆಲವು ತಯಾರಕರು ಅದನ್ನು ಬಿಯರಿಗೆ ಹಾಕುತ್ತಾರೆ. ಯೀಸ್ಟ್ ಅದಕ್ಕೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿಯಾದ ಬಿಯರ್ ಸಿಗುತ್ತದೆ. ಕೊನೆಗೆ ಉಳಿಯುವುದು ತೀರಾ ಕಡಿಮೆ ಅಂತ ಯುರೋಪ್ ಇದಕ್ಕೆ ಅಲರ್ಜಿ ಲೇಬಲ್ಲಿನಿಂದಲೂ ವಿನಾಯಿತಿ ಕೊಟ್ಟಿದೆ. ಅಲರ್ಜಿ ಇರುವವರ ಲೆಕ್ಕಕ್ಕೆ ಅದು ಸರಿ. ನಿಮ್ಮ ಪ್ರಶ್ನೆ ಎಷ್ಟು ಉಳಿಯಿತು ಅನ್ನುವುದಲ್ಲ, ಹಾಕಿದರೋ ಇಲ್ಲವೋ ಅನ್ನುವುದು. 'ವೀಗನ್', ಅಂದರೆ ಪ್ರಾಣಿಯಿಂದ ಬಂದದ್ದು ಏನೂ ಬಳಸಿಲ್ಲ ಅನ್ನುವ ಗುರುತು ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ತಯಾರಕರಿಗೇ ಬರೆಯಿರಿ. ಬರೆಯುವಾಗ 'ಬಿಯರಿನಲ್ಲಿ ಏನೇನಿದೆ' ಅಂತ ಕೇಳಬೇಡಿ, ನೀರು, ಬಾರ್ಲಿ, ಹಾಪ್ಸ್, ಯೀಸ್ಟ್ ಅಂತ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. 'ತಿಳಿಯಾಗಿಸಲು ಏನು ಹಾಕುತ್ತೀರಿ' ಅಂತ ಕೇಳಿ.