ಖಾಲಿ ಎನ್ನಿಸಿಕೊಂಡ ಕೋಣೆ

ಅಕ್ಕಾ, ನಾನು ಹಳಿಯಾಳ ಕಡೆಯವಳು. ಮದುವೆಯಾಗಿ ಸೋಮವಾರಪೇಟೆ ತಾಲ್ಲೂಕಿನ ಕಾಫಿ ತೋಟದ ಮನೆಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಅಜ್ಜಿಯಿಂದ ಕಲಿತ ಕೌದಿ ಹೊಲಿಗೆಯನ್ನು ಇಲ್ಲಿಯೂ ಬಿಟ್ಟಿಲ್ಲ. ಇಬ್ಬರು ಹೊದೆಯುವ ಕೌದಿಗೆ ದಿನಕ್ಕೆ ಮೂರು ಗಂಟೆಯಂತೆ ಒಂದೂವರೆ ತಿಂಗಳು ಬೇಕು. ನಾಲ್ಕು ಸಾವಿರಕ್ಕೆ ಕೊಡುತ್ತೇನೆ. ಪೂರ್ವದ ಕೋಣೆಯ ಕಿಟಕಿಯ ಬಳಿ ಹೊಲಿಯಲು ಕೂರುತ್ತೇನೆ. ಆಚೆಗೆ ನನ್ನ ಹೂಗಿಡಗಳು, ಅದರಾಚೆ ಅತ್ತಿಮರ, ಇಡೀ ದಿನ ಪಿಕಳಾರ, ಸೂರಕ್ಕಿ, ಕುಟ್ರು ಹಕ್ಕಿಗಳ ಗಲಾಟೆ. ಈಗ ಯಜಮಾನರು ಆ ಕೋಣೆಯನ್ನು ಹೋಂಸ್ಟೇ ಮಾಡೋಣ ಎನ್ನುತ್ತಿದ್ದಾರೆ. ಮಗಳ ಕಾಲೇಜು ಶುಲ್ಕವಿದೆ, ಕಾಫಿ ಬೆಲೆಯನ್ನು ನಂಬುವಂತಿಲ್ಲ, ಅದೆಲ್ಲ ನಿಜ. ಕಾರು ನಿಲ್ಲಿಸಲು ಅತ್ತಿಮರ ತೆಗೆಸುವ ಮಾತೂ ಇದೆ. "ಖಾಲಿ ಬಿದ್ದ ಕೋಣೆ ತಾನೇ, ನೀನು ನಡುಮನೆಯಲ್ಲಿ ಹೊಲಿದುಕೋ" ಎನ್ನುತ್ತಾರೆ. ಮಹಡಿಯ ಕೋಣೆ ಮೈಸೂರಿನಲ್ಲಿರುವ ಭಾವನವರಿಗೆಂದು ಇಟ್ಟಿದ್ದು. ಅವರು ಹುತ್ತರಿಗೆ ಬರುತ್ತಾರೆ. ಅತ್ತೆಯವರು "ಹರಕು ಬಟ್ಟೆ ಹೊಲಿದರೆ ಮನೆ ನಡೆಯುತ್ತದೆಯೇ" ಎನ್ನುತ್ತಾರೆ, ಮಧ್ಯಾಹ್ನ ನನ್ನ ಪಕ್ಕದಲ್ಲೇ ಕುಳಿತು ಹಳೆಯ ಸೀರೆಗಳ ಫಾಲ್ಸ್ ಬಿಚ್ಚುತ್ತಾರೆ. ಹಠ ಹಿಡಿದರೆ ಸ್ವಾರ್ಥಿ ಎನ್ನಿಸಿಕೊಳ್ಳುತ್ತೇನೆಂಬ ಭಯ. ಏನು ಮಾಡಲಿ? ಇನ್ನೊಂದು ಮಾತು: ಹಕ್ಕಿಗಳು ಗೂಡು ಕಟ್ಟಲೆಂದು ನೂಲಿನ ತುಂಡುಗಳನ್ನು ಕಿಟಕಿಯಲ್ಲಿ ಇಡುತ್ತೇನೆ, ಸರಿಯೇ?

ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಕೋಣೆ ಬಿಟ್ಟುಕೊಡಬೇಡಿ. ಹಾಗೆಂದು ಹೋಂಸ್ಟೇ ಬೇಡವೆಂದೂ ಹೇಳಬೇಡಿ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ನಿಮಗೆ ಉಸಿರು ಕಟ್ಟಿದಂತಾಗಿದೆ.

ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ಮಹಡಿಯ ಕೋಣೆಯ ಮೇಲೆ ಕಣ್ಣು ನಿಂತಿತು. ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಹುತ್ತರಿಗೆ ಬಂದು ಹೋಗುವ ಭಾವನವರಿಗಾಗಿ ವರ್ಷವಿಡೀ ಬೀಗ ಹಾಕಿದ ಕೋಣೆ "ಭಾವನವರ ಕೋಣೆ". ಪ್ರತಿದಿನ ನೀವು ಕುಳಿತು ದುಡಿಯುವ ಕೋಣೆ ಮಾತ್ರ "ಖಾಲಿ ಬಿದ್ದ ಕೋಣೆ". ನಿಮ್ಮ ಯಜಮಾನರು ಕೆಟ್ಟವರೆಂದು ನನಗೆ ಅನ್ನಿಸುವುದಿಲ್ಲ. ಗಂಡಸು ಮೇಜು ಹಾಕಿಕೊಂಡು ಕುಳಿತರೆ ಅದು ಕಚೇರಿ, ಹೆಂಗಸು ನೆಲದ ಮೇಲೆ ಸೂಜಿ ಹಿಡಿದು ಕುಳಿತರೆ ಅದು ಹೊತ್ತು ಕಳೆಯುವುದು ಎಂಬ ಎಣಿಕೆ ನಮ್ಮ ಬಹಳಷ್ಟು ಮನೆಗಳಲ್ಲಿದೆ. ಸಿಟ್ಟು ಮಾಡಿಕೊಂಡರೆ ಅದು ಹೋಗುವುದಿಲ್ಲ, ಲೆಕ್ಕ ಬರೆದಿಟ್ಟರೆ ಹೋದೀತು.

ಆದ್ದರಿಂದ ಮೊದಲು ನಿಮ್ಮ ಲೆಕ್ಕವನ್ನೇ ತೆಗೆಯೋಣ. ನೀವು ಹೇಳಿದ ಪ್ರಕಾರ ಒಂದು ಕೌದಿಗೆ ಸುಮಾರು 135 ಗಂಟೆ ಹಿಡಿಯುತ್ತದೆ. ನಾಲ್ಕು ಸಾವಿರವನ್ನು ಅದಕ್ಕೆ ಹಂಚಿದರೆ ಗಂಟೆಗೆ 30 ರೂಪಾಯಿಯೂ ಬೀಳುವುದಿಲ್ಲ. ನೂಲು, ಸೂಜಿ, ಒಳಪದರಕ್ಕೆ ಕೊಂಡ ಬಟ್ಟೆಯ ಖರ್ಚನ್ನು ನಾನಿನ್ನೂ ಕಳೆದಿಲ್ಲ. ಕಾಫಿ ಕೊಯ್ಯಲು ಬರುವವರಿಗೆ ನಿಮ್ಮ ತೋಟದಲ್ಲಿ ದಿನಕ್ಕೆ ಎಷ್ಟು ಕೂಲಿ ಕೊಡುತ್ತೀರಿ ಎಂದು ಯಜಮಾನರನ್ನೇ ಕೇಳಿ, ಎರಡನ್ನೂ ಅಕ್ಕಪಕ್ಕ ಬರೆಯಿರಿ. ನೀವೇ ಇಷ್ಟು ಅಗ್ಗಕ್ಕೆ ಕೊಟ್ಟರೆ ಮನೆಯವರು ಅದನ್ನು ಹವ್ಯಾಸವೆಂದು ತಿಳಿಯುವುದರಲ್ಲಿ ಆಶ್ಚರ್ಯವಿಲ್ಲ. ಮುಂದಿನ ಕೌದಿಯಿಂದ ಬೆಲೆ ಏರಿಸಿ. ಕೊಳ್ಳುವವರು ಕಡಿಮೆಯಾಗುತ್ತಾರೆಂಬ ಅಳುಕು ಬೇಡ. ವರ್ಷಕ್ಕೆ ಎಂಟು ಕೌದಿ ಹೊಲಿಯುವವರಿಗೆ ಎಂಟೇ ಗಿರಾಕಿಗಳು ಸಾಕು. ಮಿಷನ್ ಹೊಲಿಗೆಯ ಹೊದಿಕೆಯ ಬೆಲೆಯನ್ನು ಯಾರಾದರೂ ಮುಂದಿಟ್ಟರೆ ಅಂಚಿನಿಂದ ನಡುವಿನತ್ತ ಸುತ್ತಿ ಬರುವ ನಿಮ್ಮ ಹೊಲಿಗೆಯನ್ನು ತೋರಿಸಿ ಸುಮ್ಮನಿರಿ. ನಿಮ್ಮ ತವರಿನ ಕಡೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರು ಹೊಲಿದ ಕೌದಿಗಳು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನ ಕಂಡಿವೆ. ಹರಕು ಬಟ್ಟೆ ಎನ್ನುವವರಿಗೆ ಇದನ್ನೂ ಒಮ್ಮೆ ಕಿವಿಯ ಮೇಲೆ ಹಾಕಿ.

ಈಗ ಯಜಮಾನರ ಲೆಕ್ಕ. ಅದರಲ್ಲಿ ಕೋಣೆಯ ಬಾಡಿಗೆ ಇದೆ, ನಿಮ್ಮ ಕೈಗಳು ಮಾತ್ರ ಪುಕ್ಕಟೆ. ಅತಿಥಿಗಳು ಬಂದರೆ ಬೆಳಗ್ಗೆ ಅಕ್ಕಿರೊಟ್ಟಿ, ಕಡುಬು, ನೂಪುಟ್ಟು ಮಾಡುವವರು ಯಾರು? ಹಾಸಿಗೆಯ ಬಟ್ಟೆ ಒಗೆಯುವವರು ಯಾರು? ಜುಲೈ ತಿಂಗಳಲ್ಲಿ ಒಗೆದ ಬಟ್ಟೆಯನ್ನು ಎಲ್ಲಿ ಒಣಗಿಸುವುದು? ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಿಮ್ಮ ಊರಿನಲ್ಲಿ ಅದಕ್ಕಿಂತ ಕಡಿಮೆಯಿದ್ದೀತು, ಆದರೂ ಕಕ್ಕಡ ತಿಂಗಳಲ್ಲಿ ಒಂದು ಟವೆಲ್ ಒಣಗಿಸುವ ಪಾಡು ನಿಮಗೆ ಗೊತ್ತು. ಹೀಗೆ ಹೋಂಸ್ಟೇ ನಿಮ್ಮಿಂದ ಕೋಣೆಯ ಜೊತೆಗೆ ಆ ಮೂರು ಗಂಟೆಗಳನ್ನೂ ಕೇಳುತ್ತದೆ. ಅಡುಗೆಗೂ ಒಗೆತಕ್ಕೂ ಸಂಬಳದ ಮೇಲೆ ಒಬ್ಬರನ್ನು ಇಟ್ಟುಕೊಂಡರೆ ಉಳಿಯುವುದೆಷ್ಟು ಎಂಬುದನ್ನು ಕಾಗದದ ಮೇಲೆ ನೋಡದೆ ಯಾವ ಗೋಡೆಗೂ ಬಣ್ಣ ಬಳಿಯಬಾರದು. ಇನ್ನೂ ಒಂದಿದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಕೊಡಗಿಗೆ ಪ್ರವಾಸಿಗರು ಬರುವುದೇ ನಿಂತಿತು. 2020ರ ಲಾಕ್‌ಡೌನಿನಲ್ಲಿ ಮತ್ತೆ ಅದೇ ಕಥೆ. ಕಾಫಿಯ ಬೆಲೆಯನ್ನು ನಂಬುವಂತಿಲ್ಲ ಎನ್ನುವವರು ಪ್ರವಾಸಿಗರನ್ನು ಮಾತ್ರ ಕಣ್ಣು ಮುಚ್ಚಿ ನಂಬುವುದು ಹೇಗೆ? ಮಗಳ ಶುಲ್ಕಕ್ಕೆ ಎರಡು ಆದಾಯಗಳಿದ್ದರೆ ಒಳ್ಳೆಯದು. ಅದರಲ್ಲಿ ಒಂದನ್ನು ಕಿತ್ತುಹಾಕಿ ಇನ್ನೊಂದನ್ನು ನೆಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಹೋಂಸ್ಟೇ ಎಲ್ಲಿ? ಮಹಡಿಯ ಮೇಲೆ. ಬಚ್ಚಲು ಕಟ್ಟಿಸುವ ಖರ್ಚು ಕೆಳಗಾದರೂ ತಪ್ಪಿದ್ದಲ್ಲ. ಬಂದವರಿಗೆ ಮೇಲಿನಿಂದ ತೋಟ ಇನ್ನೂ ಚೆನ್ನಾಗಿ ಕಾಣುತ್ತದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಯೇ ಶುರು ಮಾಡಿ. "ನೆಂಟರು ಬಂದಿದ್ದಾರೆ" ಎಂದು ಹೇಳಿಕೊಂಡು ನಡೆಸುವ ಹೋಂಸ್ಟೇಗಳ ತಲೆನೋವು ನಿಮಗೆ ಬೇಡ. ನೀವೇ ಮೇಲೆ ಹೋಗಿ ಹೊಲಿಯಬಹುದಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರಲಿ. ಕೌದಿಯನ್ನು ಮಡಿಲಲ್ಲಿಟ್ಟು ಹೊಲಿಯಲಾಗದು, ಪದರ ಸರಿಯದಂತೆ ನೆಲಕ್ಕೆ ಪೂರ್ತಿ ಹರಡಿ ಅದರ ಮೇಲೆಯೇ ಕೂರಬೇಕು. ಮುಗಿಯುವವರೆಗೆ ಅದು ಹರಡಿಯೇ ಇದ್ದರೆ ಒಳ್ಳೆಯದು. ನಡುಮನೆಯಲ್ಲಿ ಊಟದ ಹೊತ್ತಿಗೆಲ್ಲ ಮಡಿಸಿ ಎತ್ತುತ್ತಾ ಕುಳಿತರೆ ಸುಕ್ಕು ಬೀಳುವುದು ಖಂಡಿತ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗ ಸೂಜಿಗೆ ನೂಲು ಪೋಣಿಸಲು ಪೂರ್ವದ ಕಿಟಕಿಯ ಬೆಳಕೇ ಗತಿ. ಎಲ್ಲಕ್ಕಿಂತ ಮುಖ್ಯವಾಗಿ, ಅತ್ತೆಯವರು ಮೆಟ್ಟಿಲು ಹತ್ತಿ ಬರುವುದಿಲ್ಲ.

ಅತ್ತೆಯವರ ವಿಷಯದಲ್ಲಿ ನೀವು ನೊಂದುಕೊಂಡಿದ್ದೀರಿ. ಅವರ ಬಾಯಿಯ ಮಾತನ್ನು ಬಿಡಿ, ಕೈಯ ಕೆಲಸ ನೋಡಿ. ಫಾಲ್ಸ್ ಬಿಚ್ಚುವುದು ಸುಲಭವಲ್ಲ: ಬಣ್ಣ ಹೋದ ಹಳೆಯ ಸೀರೆಯಲ್ಲಿ ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕು, ಬ್ಲೇಡಿನ ತುದಿ ಬಟ್ಟೆಗೆ ತಾಗದಂತೆ ಒಂದೊಂದೇ ಹೊಲಿಗೆ ಎತ್ತಬೇಕು, ನೂಲನ್ನು ಸೆಳೆದರೆ ನೇಯ್ಗೆ ಸೀಳುತ್ತದೆ. ಆ ವಯಸ್ಸಿನಲ್ಲಿ ಬೇಡವೆನ್ನಿಸಿದ ಕೆಲಸಕ್ಕೆ ಯಾರೂ ಇಷ್ಟು ತಾಳ್ಮೆ ತೋರುವುದಿಲ್ಲ. ಒಂದು ಮಧ್ಯಾಹ್ನ ಸಹಜವಾಗಿ ಕೇಳಿ: "ಅತ್ತೆ, ಇಲ್ಲಿ ಪ್ರವಾಸಿಗರು ಬಂದರೆ ನಾವಿಬ್ಬರೂ ಎಲ್ಲಿ ಕೂರುವುದು?" ಉತ್ತರಕ್ಕೆ ಒತ್ತಾಯ ಮಾಡಬೇಡಿ. ಮಗನಿಗೆ ಹೇಳುವುದನ್ನು ಅವರು ಅವರದೇ ಧಾಟಿಯಲ್ಲಿ, ಬಹುಶಃ ನಿಮ್ಮನ್ನು ನಾಲ್ಕು ಮಾತು ಬೈದುಕೊಂಡೇ ಹೇಳುತ್ತಾರೆ.

ಅತ್ತಿಮರದ ವಿಷಯದಲ್ಲಿ ಮಾತ್ರ ನಾನು ಹೊಂದಾಣಿಕೆಯ ಮಾತಾಡುವುದಿಲ್ಲ. ಬಿಟ್ಟುಕೊಟ್ಟ ಕೋಣೆ ನಾಳೆ ವಾಪಸು ಸಿಗಬಹುದು, ಕಡಿದ ಅತ್ತಿಮರ ಸಿಗುವುದಿಲ್ಲ. ಕುಟ್ರು ಹಕ್ಕಿ, ಮಂಗಟ್ಟೆಗಳು ನಿಮ್ಮ ಅಂಗಳಕ್ಕೆ ಬರುವುದು ಅದರ ಹಣ್ಣಿಗಾಗಿ. ತೋಟದ ಹಾಲುವಾಣ ಎಷ್ಟು ಕೆಂಪಗೆ ಹೂ ಬಿಟ್ಟರೂ ಅದು ವರ್ಷದಲ್ಲಿ ಕೆಲವೇ ವಾರಗಳ ಮಾತು. ಹೋಂಸ್ಟೇಯ ಜಾಹೀರಾತಿನಲ್ಲಿ ಯಜಮಾನರು ಮೊದಲು ಬರೆಯುವುದು "ಹಕ್ಕಿಗಳ ನಡುವೆ" ಎಂದೇ ಅಲ್ಲವೇ? ಬಂದವರು ಕಾರಿನಿಂದ ಇಳಿದು ಬುಡದ ಕೊರಡನ್ನು ನೋಡಬೇಕೇ? ಮರಕ್ಕೆ ಕೊಡಲಿ ತಾಗಿಸುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಲು ಹೇಳಿ. ಕಾಫಿ ಒಣಗಿಸುವ ಕಣ ಕೊಯ್ಲಿನ ತಿಂಗಳುಗಳನ್ನು ಬಿಟ್ಟರೆ ಖಾಲಿಯೇ ಇರುತ್ತದೆ. ಕಾರುಗಳು ಅಲ್ಲಿ ನಿಲ್ಲಲಿ. ಕೊಯ್ಲಿನ ಸಮಯದಲ್ಲಿ ಅತಿಥಿಗಳನ್ನು ಕಡಿಮೆ ಮಾಡಿಕೊಳ್ಳಿ, ಹೇಗೂ ಆಗ ನಿಮಗ್ಯಾರಿಗೂ ಪುರುಸೊತ್ತು ಇರುವುದಿಲ್ಲ.

ನೂಲಿನ ತುಂಡುಗಳನ್ನು ಇಡುವುದಾದರೆ ಹತ್ತಿಯದನ್ನು ಮಾತ್ರ, ಬೆರಳಿನ ಒಂದು ಗೆಣ್ಣಿಗಿಂತ ಉದ್ದವಿರದಂತೆ ಕತ್ತರಿಸಿ ಇಡಿ. ಉದ್ದನೆಯ ನೂಲು ಗೂಡಿನಲ್ಲಿ ಮರಿಗಳ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತದೆ. ನೈಲಾನ್, ಪಾಲಿಸ್ಟರ್ ನೂಲು ಕೊಳೆಯುವುದೂ ಇಲ್ಲ, ಹರಿಯುವುದೂ ಇಲ್ಲ, ಅದನ್ನು ಕಸದ ಡಬ್ಬಕ್ಕೇ ಹಾಕಿ. ಎಲೆಗಳನ್ನು ಸೇರಿಸಿ ಹೊಲಿಯುವ ಸಿಂಪಿಗ ನಿಮ್ಮ ದಾಸವಾಳದ ಗಿಡಕ್ಕೆ ಬಂದರೂ ಚಿಂತೆಯಿಲ್ಲ, ಜೇಡರ ಬಲೆಯ ಎಳೆ, ಗಿಡದ ನಾರು ಅದಕ್ಕೆ ಸಾಕು.

ಮಾತನ್ನು ಹುತ್ತರಿಗೆ ಮೊದಲೇ ಎತ್ತಿ, ಭಾವನವರು ಮನೆಯಲ್ಲಿದ್ದಾಗ ಬೇಡ. ಎಲ್ಲರೂ ಇರುವಾಗ ಯಜಮಾನರು ತಮ್ಮ ಮಾತಿನಿಂದ ಹಿಂದೆ ಸರಿಯಲು ನಾಚುತ್ತಾರೆ. ರಾತ್ರಿ ಊಟವಾದ ಮೇಲೆ ಎರಡೂ ಲೆಕ್ಕಗಳ ಹಾಳೆಯನ್ನು ಮುಂದಿಡಿ. ಭಾವನವರಿಗೆ ಹುತ್ತರಿಯ ವಾರ ಮಹಡಿಯ ಕೋಣೆಯನ್ನು ಕಾದಿರಿಸಿಯೇ ಇಡುತ್ತೇವೆ, ಉಳಿದ ದಿನ ಅತಿಥಿಗಳಿಗೆ ಕೊಡುತ್ತೇವೆ ಎಂದು ಫೋನ್ ಮಾಡಿ ತಿಳಿಸಿದರೆ ಅವರು ಬೇಡವೆನ್ನುವುದು ಕಷ್ಟ. ಆ ಫೋನ್ ಮಾತ್ರ ನೀವು ಮಾಡಬೇಡಿ. ಅಣ್ಣನನ್ನು ಕೇಳುವುದು ತಮ್ಮನ ಕೆಲಸ.